ಬೇವಿನ ಮರದಲ್ಲಿ ಬಿಳಿ ಕರಬೂಜ

ತಿಪ್ಪೇಸ್ವಾಮಿಯ ವಿಷಯ ಹೇಳುವ ಮೊದಲು ಒಂದು ಮಾತು ಸ್ಪಷ್ಟಪಡಿಸಬೇಕು. ಅವನು ಸುಳ್ಳುಗಾರನಲ್ಲ. ಬಳ್ಳಾರಿಯ ಗಾಂಧಿನಗರದಲ್ಲಿರುವ ಅವನ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿಯಲ್ಲಿ ಹಳೆಯ ವಾಷರನ್ನು ಹೊಸದೆಂದು ಯಾರಿಗೂ ಕೊಟ್ಟದ್ದಿಲ್ಲ. ಅವನ ತೊಂದರೆಯೇ ಬೇರೆ. ಮನೆಗೆ ಬಂದವರು ‘ನಮ್ಮಲ್ಲಿ ಇದೆ’ ಎಂದ ಕೂಡಲೇ ಅವನ ಬಾಯಿ ಅವನನ್ನು ಕೇಳದೆ ‘ನಮ್ಮಲ್ಲೂ ಇದೆ’ ಎಂದುಬಿಡುತ್ತದೆ. ನೆಂಟರೊಬ್ಬರು ತಮಗೆ ಸಕ್ಕರೆ ಕಾಯಿಲೆ ಇದೆ ಎಂದಾಗಲೂ ಹಾಗೆಯೇ ಅಂದು, ಆ ಮದುವೆಯಲ್ಲಿ ಯಾರೂ ಅವನಿಗೆ ಹೋಳಿಗೆ ಬಡಿಸಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಸಿರುಗುಪ್ಪದ ಅಕ್ಕಿ ಗಿರಣಿಯ ಮಾಲೀಕ ದೊಡ್ಡಬಸವರಾಜ, ಹೆಂಡತಿ ದೊಡ್ಡಬಸಮ್ಮನನ್ನೂ ಕಿರಿಯ ಮಗ ಸಮ್ರಾಟನನ್ನೂ ಕರೆದುಕೊಂಡು ಕಂಟೋನ್ಮೆಂಟಿನ ತಿಪ್ಪೇಸ್ವಾಮಿಯ ಮನೆಗೆ ಹೆಣ್ಣು ನೋಡಲು ಬಂದ. ನೋಡುವುದು ಹೆಸರಿಗೆ ಮಾತ್ರ. ತಿಪ್ಪೇಸ್ವಾಮಿಯ ಮಗಳು ನಂದಿನಿಯೂ ಸಮ್ರಾಟನೂ ಒಂದೇ ಕಾಲೇಜಿನಲ್ಲಿ ಓದಿ, ಒಬ್ಬರನ್ನೊಬ್ಬರು ಒಪ್ಪಿ, ಎರಡೂ ಮನೆಗಳಲ್ಲಿ ಹೇಳಿಯೂ ಆಗಿತ್ತು. ಹಿರಿಯರು ಹೂಂ ಅನ್ನುವುದಷ್ಟೇ ಬಾಕಿ. ಅದರಲ್ಲೂ ದೊಡ್ಡಬಸವರಾಜ ಹೂಂ ಅನ್ನಬೇಕಿತ್ತು.

ಈ ದೊಡ್ಡಬಸವರಾಜನ ಬಗ್ಗೆ ಕುರುಗೋಡಿನಲ್ಲಿರುವ ಭಾವಮೈದುನ ಎರ್ರೆಪ್ಪ ಮೊದಲೇ ಫೋನಿನಲ್ಲಿ ಎಚ್ಚರಿಕೆ ಕೊಟ್ಟಿದ್ದ.

“ಬಾವಾ, ಆ ಮನಷ್ಯಾಗ ಸುಳ್ಳು ಅಂದ್ರ ಆಗಾಂಗಿಲ್ಲ. ಹೋದ ವರ್ಷ ಬ್ಯಾರೆ ಕಡಿ ಒಂದು ಸಂಬಂಧ ಕೂಡಿಬಂದಿತ್ತು. ಹೆಣ್ಣಿನವ್ರು ಬಾಜೂ ಮನಿ ಸೋಫಾ ತಂದಿಟ್ಟು ನಮ್ದ ಅಂದ್ರಂತ. ಇವ್ರು ಊಟ ಮಾಡಿ ಕಾರು ಹತ್ತಿದ್ರು. ಓಣಿ ತಿರುವಿನ್ಯಾಗ ಆ ಸೋಫಾನೂ ವಾಪಸ್ ಹೊಂಟಿತ್ತು, ಎದುರಾತು. ಅಲ್ಲೇ ಮುರಿದ ನೋಡು.”

“ಸೋಫಾನ?”

“ಸಂಬಂಧಾನ.”

ಆದ್ದರಿಂದ ಆ ಭಾನುವಾರ ತಿಪ್ಪೇಸ್ವಾಮಿ ಬಾಯಿ ಬಿಗಿಹಿಡಿದೇ ಕೂತಿದ್ದ. ಗಿರಣಿಯ ಮಾತು ಬಂತು, ಸುಮ್ಮನಿದ್ದ. ಕಾರಿನ ಮಾತು ಬಂತು, ಸುಮ್ಮನಿದ್ದ. ಹೆಂಡತಿ ಸುಮಂಗಲಾ ನಿರಾಳವಾಗಿ ಉಸಿರು ಬಿಟ್ಟು ತಟ್ಟೆ ತರಲು ಒಳಗೆ ಹೋದಳು. ಅಷ್ಟರಲ್ಲಿ ದೊಡ್ಡಬಸವರಾಜ ತಾನು ತಂದಿದ್ದ ಚೀಲದಿಂದ ನುಣುಪಾದ, ಹಾಲುಬಣ್ಣದ ಎರಡು ಹಣ್ಣುಗಳನ್ನು ತೆಗೆದು ಮೇಜಿನ ಮೇಲಿಟ್ಟ.

“ಹನಿಡ್ಯೂ ಅಂತಾರಿದಕ್ಕ. ಬಿಳಿ ಕರಬೂಜ. ಒಬ್ರು ಗೆಳೆಯರು ತಮ್ಮ ತ್ವಾಟದಿಂದ ಕಳಿಸ್ಯಾರ. ನಮ್ಮ ಕಡಿ ಮನ್ಯಾಗ ಇದನ್ನ ಬೆಳದವ್ರು ಯಾರೂ ಇಲ್ಲ.”

“ನಾವು ಬೆಳಿತೀವಲ್ರಿ” ಎಂದಿತು ತಿಪ್ಪೇಸ್ವಾಮಿಯ ಬಾಯಿ.

ತಟ್ಟೆ ಹಿಡಿದು ಬರುತ್ತಿದ್ದ ಸುಮಂಗಲಾ ಬಾಗಿಲಲ್ಲೇ ನಿಂತಳು. ನಂದಿನಿ ಅಪ್ಪನನ್ನು ನೋಡಿದಳು. ಆ ನೋಟವನ್ನು ವಿವರಿಸುವ ಅಗತ್ಯವಿಲ್ಲ. ಪರೀಕ್ಷೆಯ ಫಲಿತಾಂಶ ನೋಡಿದ ಹೆತ್ತವರು ಮಕ್ಕಳನ್ನು ನೋಡುವ ಹಾಗಿತ್ತು, ಇಲ್ಲಿ ತಿರುಗುಮುರುಗು ಅಷ್ಟೆ.

“ಹೌದಾ?” ದೊಡ್ಡಬಸವರಾಜನ ಮುಖ ಅರಳಿತು. “ಎಲ್ಲಿ, ತೋರಸ್ರಿ.”

“ಈಗ ಇಲ್ರಿ. ಅದರ ಕಾಲ ಬ್ಯಾಸಗಿ.”

“ಛಲೋ ಆತು. ಅಕ್ಷಯ ತದಿಗಿ ದಿನ ಬರ್ತೀವಿ. ನೀವು ಬೆಳದ ಹಣ್ಣು ಬಳ್ಳಿಯಿಂದ ಕೊಯ್ದು ತಿನ್ನೂಣು, ಅಲ್ಲೇ ಕುಂತು ನಿಶ್ಚಯ ಮಾಡ್ಕೊಳ್ಳೂಣು. ಕೈಯಾರೆ ಬೆಳದು ತಿನ್ನೋ ಮನಿಯವ್ರು ಅಂದ್ರ ನನಗ ಭಾಳ ಮರ್ಯಾದಿ.”

ಕಾರು ಹೊರಟ ಮೇಲೆ ನಂದಿನಿ ತಟ್ಟೆಗಳಲ್ಲಿ ಉಳಿದಿದ್ದ ಬೀಜಗಳನ್ನು ಚಮಚದಿಂದ ಬಳಿದು, ತೊಳೆದು, ಜರಡಿಯಲ್ಲಿ ಹಾಕಿ ನೆರಳಿಗಿಟ್ಟಳು. ಆಮೇಲೆ ಅಪ್ಪನ ಮುಂದೆ ಬಂದು ನಿಂತಳು.

“ಬಿತ್ತು.”

“ಏನವಾ?”

“ಹೇಳೀಯಲ್ಲ. ಬಿತ್ತು. ಅಕ್ಷಯ ತದಿಗಿಗೆ ಹಣ್ಣು ಬರ್ಲಿಲ್ಲಂದ್ರ ನಿನ್ನ ಬಾಯಿಂದ ನನ್ನ ಮದುವಿ ಹೋತು ಅಂತ ಊರೆಲ್ಲಾ ಹೇಳತೀನಿ.”

“ಮಾರ್ಕೆಟ್‌ನಾಗ ತಂದು ದಾರದಾಗ ಕಟ್ಟಿಬಿಡ್ರಿ” ಎಂದಳು ಸುಮಂಗಲಾ.

ತಿಪ್ಪೇಸ್ವಾಮಿಗೆ ನಿಜವಾಗಿಯೂ ನೋವಾಯಿತು. “ಏನಂದಿ? ಅದು ಮೋಸ ಅಲ್ಲೇನು? ನಾನು ಅಂಥಾವಲ್ಲ.”

ಕರಬೂಜದ ಬಳ್ಳಿಗೆ ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಬೇಕು. ಬಳ್ಳಾರಿಯಲ್ಲಿ ಬಿಸಿಲಿಗೆ ಬರವೆಂದರೆ ಯಾರೂ ನಂಬುವುದಿಲ್ಲ. ಆದರೆ ತಿಪ್ಪೇಸ್ವಾಮಿಯ ಹಿತ್ತಲಿಗೆ ಮೂರೂ ಕಡೆ ಹೊಸ ಮಹಡಿಗಳು ಎದ್ದು ಅಲ್ಲಿ ಕೊತ್ತಂಬರಿಯೂ ಒಣಕಲಾಗಿ ಬರುತ್ತಿತ್ತು. ಇಡೀ ದಿನ ಬಿಸಿಲು ಬೀಳುವ ಜಾಗ ಒಂದೇ, ಮನೆಯ ಮುಂದೆ ರಸ್ತೆಗೆ ತಾಗಿದ ಬೇವಿನ ಮರದ ಬುಡ. ಆ ಮರದ ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರಿಂದ ಲೈನ್‌ಮನ್‌ಗಳು ಅದರ ಕೊಂಬೆಗಳನ್ನೆಲ್ಲ ತರಿದು, ಮೊಂಡು ಕೈಗಳನ್ನು ಮೇಲೆತ್ತಿ ನಿಂತ ಬೋಳು ಕಾಂಡವೊಂದನ್ನು ಉಳಿಸಿದ್ದರು. ಎಲೆಯಿಲ್ಲದ ಮರಕ್ಕೆ ನೆರಳೆಲ್ಲಿಯದು? ತಿಪ್ಪೇಸ್ವಾಮಿ ಅದರ ಬುಡದಲ್ಲಿ ಗುಂಡಿ ತೋಡಿ, ಕೊಟ್ಟಿಗೆ ಗೊಬ್ಬರ ತುಂಬಿ, ನೆನೆಸಿದ ಬೀಜಗಳನ್ನು ಬೆರಳ ಗೆಣ್ಣಿನಾಳಕ್ಕೆ ಊರಿದ.

ಬೀಜ ಮೊಳೆಯಿತು. ಬಳ್ಳಿ ನಡೆಯಿತು. ನೆಲಕ್ಕೆ ಬಿಟ್ಟರೆ ರಸ್ತೆಯ ಆಡುಗಳ ಪಾಲಾಗುತ್ತದೆಂದು ತಿಪ್ಪೇಸ್ವಾಮಿ ಮರಕ್ಕೆ ಹಗ್ಗ ಸುತ್ತಿ ಅದನ್ನು ಮೇಲೆ ಹತ್ತಿಸಿದ. ಫಾಲ್ಗುಣ ಮುಗಿಯುವ ಹೊತ್ತಿಗೆ ಬೋಳು ಬೇವು ಅಗಲವಾದ ಹಸಿರೆಲೆ ಹೊದ್ದು, ಹಳದಿ ಹೂ ಮುಡಿದು ನಿಂತಿತು.

ಹೂವು ಬಂದವು, ಕಾಯಿ ಬರಲಿಲ್ಲ. ಮೊದಲು ಬರುವುದೆಲ್ಲ ಗಂಡು ಹೂವು; ಆಮೇಲೆ, ಬೆನ್ನಿಗೆ ಸಣ್ಣ ಗುಬುಟು ಇರುವ ಹೆಣ್ಣು ಹೂವು ಬರುತ್ತದೆ; ಒಂದರ ಪರಾಗ ಇನ್ನೊಂದಕ್ಕೆ ಜೇನುಹುಳ ಮುಟ್ಟಿಸಬೇಕು ಎಂದು ನಂದಿನಿ ಫೋನಿನಲ್ಲಿ ಓದಿ ಹೇಳಿದಳು. ಜೇನುಹುಳಗಳನ್ನು ನಂಬಿ ಮಗಳ ಮದುವೆ ನಿಶ್ಚಯಿಸಲಾಗದು. ದಿನಾ ಸೂರ್ಯ ಹುಟ್ಟುವ ಹೊತ್ತಿಗೆ ತಿಪ್ಪೇಸ್ವಾಮಿ ತಲೆಗೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ಹೊರಗೆ ಬಂದು, ಮರದ ಸುತ್ತ ನಿಧಾನವಾಗಿ ನಡೆಯುತ್ತ, ಬಣ್ಣದ ಕುಂಚದಿಂದ ಹೂವು ಹೂವಿಗೂ ಮುಟ್ಟಿಸಿ ಹೋಗುತ್ತಿದ್ದ. ಸ್ನಾನ ಮಾಡಿದ್ದು ಭಕ್ತಿಗಲ್ಲ; ಆಮೇಲೆ ನಲ್ಲಿಯಲ್ಲಿ ನೀರು ನಿಲ್ಲುತ್ತಿತ್ತು. ಆದರೆ ಎದುರು ಮನೆಯ ಹುಲುಗಮ್ಮನಿಗೆ ನಲ್ಲಿಯ ವೇಳಾಪಟ್ಟಿ ಕಾಣಲಿಲ್ಲ, ಪ್ರದಕ್ಷಿಣೆ ಕಂಡಿತು.

ಕಾಯಿ ಕಚ್ಚಿದವು. ಮುಷ್ಟಿಯಷ್ಟಾದ ಮೇಲೆ ಅವುಗಳ ಭಾರಕ್ಕೆ ಬಳ್ಳಿ ಜಗ್ಗತೊಡಗಿತು. ಬಟ್ಟೆಯ ಜೋಳಿಗೆ ಕಟ್ಟಿ ಕಾಯಿಯನ್ನು ಅದರಲ್ಲಿ ಕೂರಿಸಬೇಕು ಎಂದು ತಿಳಿದು ತಿಪ್ಪೇಸ್ವಾಮಿ ಅದೇ ಬೀದಿಯ ದರ್ಜಿ ಖಾದರಸಾಬನ ಬಳಿಗೆ ಹೋದ. ಹಳೇ ಬಟ್ಟೆಯ ನಾಲ್ಕು ತುಂಡು ಸಾಕಿತ್ತು. ಖಾದರಸಾಬ ಎರಡು ದಿನ ಬಿಟ್ಟು ತಂದುಕೊಟ್ಟದ್ದು ಹಸಿರು ಸ್ಯಾಟಿನ್‌ನ, ಜರಿ ಅಂಚಿನ, ಸುತ್ತಲೂ ನಿರಿಗೆ ಹೊಡೆದ, ನಾಲ್ಕು ಮೂಲೆಗೂ ದಾರದ ಗೊಂಡೆ ಬಿಟ್ಟ ನಾಲ್ಕು ಚಂದದ ಜೋಳಿಗೆಗಳು.

“ಖಾದರಣ್ಣ, ಇಷ್ಟೆಲ್ಲಾ ಯಾಕ? ಕಾಯಿ ಇಡಾಕ ಅಷ್ಟ.”

“ಕಾಯಿಗೆ ಹೊಲಿಯೂದು ಅಂದ್ರ ಹೊಲಿಗಿ ಕೆಟ್ಟಿರಬೇಕೇನ್ರಿ? ನಮ್ಮ ಹೆಸರೈತಿ ಬಜಾರದಾಗ. ಒಂದು ಮದುವಿ ಘಾಗ್ರಾದ್ದು ತುಂಡು ಉಳಿದಿದ್ವು, ಹಾಕೀನಿ.”

ಕೊಂಬೆಯಿಂದ ಕೊಂಬೆಗೆ ಅವು ತೂಗಾಡತೊಡಗಿದವು. ಈಗ ಬೀದಿಯಲ್ಲಿ ನಿಂತು ನೋಡಿದರೆ ಕಾಣುವುದೇನು? ಸತ್ತಂತಿದ್ದ ಬೇವು ಬೇರೆ ಯಾವುದೋ ಎಲೆ ಚಿಗುರಿಸಿದೆ. ಮುಂಜಾನೆ ಒಬ್ಬ ಒದ್ದೆ ಬಟ್ಟೆಯಲ್ಲಿ ಸುತ್ತು ಹಾಕುತ್ತಾನೆ. ಕೊಂಬೆಗಳಿಗೆ ಹಸಿರು ಸ್ಯಾಟಿನ್ ತೊಟ್ಟಿಲು ಕಟ್ಟಿದೆ. ಮಕ್ಕಳಾಗಲಿ ಎಂದು ಹರಕೆ ಹೊತ್ತವರು ಗುಡಿಯ ಮರಕ್ಕೋ ದರ್ಗಾದ ಮರಕ್ಕೋ ಕಟ್ಟುವ ತೊಟ್ಟಿಲು ಯಾವ ರೀತಿ ಇರುತ್ತದೆಂದು ಬಳ್ಳಾರಿಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಹುಲುಗಮ್ಮ ರಸ್ತೆ ದಾಟಿ ಬಂದಳು. “ತಿಪ್ಪೇಸಪ್ಪಾ, ಏನಿದು? ಯಾವ ದೇವರು?”

ಇಲ್ಲಿ ‘ಕರಬೂಜ’ ಎಂದಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಹುಲುಗಮ್ಮನ ತಂಗಿಯನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದರು. ಇಲ್ಲಿ ಬೆಳಿಗ್ಗೆ ಆಡಿದ ಮಾತು ಅಲ್ಲಿ ಮಧ್ಯಾಹ್ನದ ಊಟಕ್ಕೆ ಹಾಜರಿರುತ್ತಿತ್ತು. ತಿಪ್ಪೇಸ್ವಾಮಿ ಈ ವರ್ಷ ಮೊದಲ ಸಲ ಕರಬೂಜ ಬಿತ್ತಿದ್ದಾನೆ ಎಂದು ದೊಡ್ಡಬಸವರಾಜನ ಕಿವಿಗೆ ಬಿದ್ದರೆ ಸೋಫಾದ ಗತಿಯೇ.

“ಅದು… ಒಂದು ಹರಕಿ ಇದ್ದಂಗ ಐತೆವ್ವ” ಎಂದ.

“ಇದ್ದಂಗಂದ್ರ?”

“ಹೇಳಬಾರ್ದು.”

ಹುಲುಗಮ್ಮ ಕಣ್ಣರಳಿಸಿ ಮರವನ್ನು ನೋಡಿ, ಚಪ್ಪಲಿ ಬಿಟ್ಟು, ಕೈಮುಗಿದು ಹಿಂದಕ್ಕೆ ಸರಿದಳು. ಮರುದಿನ ಮಂಗಳವಾರ. ಸೊಸೆ ಅರುಣಾಳನ್ನು ಕರೆತಂದು ಐದನೆಯ ತೊಟ್ಟಿಲು ಕಟ್ಟಿಸಿದಳು.

“ಅರುಣಕ್ಕ, ನೀನೂನಾ?” ಎಂದು ನಂದಿನಿ ಕಾಂಪೌಂಡಿನಾಚೆಯಿಂದ ಪಿಸುಗುಟ್ಟಿದಳು.

“ಸುಮ್ನಿರು. ಕಟ್ಟಿದ್ರ ಅತ್ತಿ ಶ್ರಾವಣದ ತನಕ ಏನೂ ಕೇಳಾಂಗಿಲ್ಲ ಅಂದಾಳ. ನನಗ ಅಷ್ಟ ಸಾಕು.”

ಶುಕ್ರವಾರಕ್ಕೆ ಹತ್ತಾರು ತೊಟ್ಟಿಲು ಆದವು. ಮುಂದಿನ ಮಂಗಳವಾರ ರೂಪನಗುಡಿಯಿಂದ ಒಂದು ಟಂಟಂ ಆಟೊ ತುಂಬ ಹೆಂಗಸರು ಬಂದರು. ಬಂದವರೆಲ್ಲ ಹೊಲದಲ್ಲಿ ಬೆಳೆದವರು. ಬೇರೆ ಎಲ್ಲಿಯಾದರೂ ಕಂಡಿದ್ದರೆ ಎಲೆ ನೋಡಿದ ಕೂಡಲೇ ಅದರ ಹೆಸರು ಹೇಳುತ್ತಿದ್ದರು. ಆದರೆ ಹರಕೆಯ ಮರದ ಮುಂದೆ ಕಣ್ಣು ಮುಚ್ಚುವುದು ವಾಡಿಕೆ, ಎಲೆ ಪರೀಕ್ಷಿಸುವುದಲ್ಲ.

ತಿಪ್ಪೇಸ್ವಾಮಿಗೆ ಜನ ಬಂದದ್ದಕ್ಕಿಂತ ಅವರು ತಂದ ತಂಬಿಗೆಗಳು ಹೆಚ್ಚು ಗಾಬರಿ ಹುಟ್ಟಿಸಿದವು. ಕಾಯಿ ಬಲಿಯುವಾಗ ನೀರು ಹೆಚ್ಚಾದರೆ ಹಣ್ಣು ಸಪ್ಪೆಯಾಗುತ್ತದೆ, ಒಮ್ಮೊಮ್ಮೆ ಸೀಳಿಯೇ ಹೋಗುತ್ತದೆ. ಇಲ್ಲಿ ಬಂದವರೆಲ್ಲ ಬುಡಕ್ಕೆ ಅರಿಸಿನದ ನೀರು ಹೊಯ್ಯುವವರೇ. ಅವನು ಮರದ ಮುಂದೆ ಎರಡೂ ಕೈ ಚಾಚಿ ನಿಂತು, “ನೀರು ಹಾಕಬ್ಯಾಡ್ರಿ ತಾಯಂದಿರಾ, ಅಮ್ಮಗ ತಂಪು ಆಗಿಬರಾಂಗಿಲ್ಲ” ಎಂದ. ಇಲ್ಲಿಗೆ ಆ ದೇವರು ಹೆಣ್ಣು ದೇವರು ಎಂಬುದು ಅಧಿಕೃತವಾಯಿತು. ಶುಕ್ರವಾರ ಹೆಂಗಸರು ನೀರು ಬಿಟ್ಟು ಮೆಣಸಿನಕಾಯಿ ಸರ ತಂದರು.

ಆಮೇಲೆ ಸಂಭವಿಸಿದ್ದು ಭಾರದ ಪ್ರಕರಣ. ಒಬ್ಬ ಹೆಂಗಸು ತನ್ನ ತೊಟ್ಟಿಲು ಕಟ್ಟುವಾಗ ಪಕ್ಕದ ಹಸಿರು ಜೋಳಿಗೆಗೆ ಕೈ ತಗಲಿ ಬೆಚ್ಚಿಬಿದ್ದಳು. ಅದು ಖಾಲಿ ಇರಲಿಲ್ಲ. ಒಳಗೆ ದುಂಡಗೆ, ಬೆಚ್ಚಗೆ, ಏನೋ ಇತ್ತು. ನಿರಿಗೆ ಒತ್ತಾಗಿದ್ದುದರಿಂದ ಕಾಣುತ್ತಿರಲಿಲ್ಲ. ಮುಂದಿನ ವಾರ ಬಂದು ಮುಟ್ಟಿದಾಗ ಅದು ಇನ್ನಷ್ಟು ದೊಡ್ಡದಾಗಿತ್ತು.

“ತುಂಬಾಕ ಹತ್ತೈತಿ” ಎಂದು ಅವಳು ಮೆಲ್ಲಗೆ ಹೇಳಿದಳು. ಸಾಲಿನಲ್ಲಿದ್ದವರೆಲ್ಲ ಹೌಹಾರಿ ನಿಂತರು. ಅಂದಿನಿಂದ ಒಂದು ಪದ್ಧತಿ ಬಂತು: ಹಸಿರು ತೊಟ್ಟಿಲ ಕೆಳಗೆ ಸೆರಗೊಡ್ಡಿ ಕಣ್ಣು ಮುಚ್ಚಿ ನಿಲ್ಲುವುದು.

ಕುರುಗೋಡಿನಿಂದ ಎರ್ರೆಪ್ಪ ಫೋನು ಮಾಡಿದ. “ಬಾವಾ, ನಿಮ್ಮ ಮನಿ ಮುಂದ ಅಮ್ಮ ಎದ್ದಾಳಂತ ಇಲ್ಲೆಲ್ಲಾ ಸುದ್ದಿ. ನನಗ ಒಂದು ಮಾತು ಹೇಳಬಾರ್ದಾ?”

“ಅಮ್ಮನೂ ಇಲ್ಲ, ಏನೂ ಇಲ್ಲ. ಅದು ಕರಬೂಜ.”

“ಬಾವಾ” ಎಂದ ಎರ್ರೆಪ್ಪ, “ನಿನ್ನ ತಂಗಿ ಇವತ್ತು ಮುಂಜಾನಿ ಆ ಕರಬೂಜಕ್ಕ ಬೆಳ್ಳಿ ತೊಟ್ಟಿಲು ಹರಕಿ ಹೊತ್ತಾಳ.”

ಎರ್ರೆಪ್ಪನ ಹೆಂಡತಿ ತಿಪ್ಪೇಸ್ವಾಮಿಯ ಸ್ವಂತ ತಂಗಿ.

ಅದೇ ವಾರ ಮಹಾನಗರ ಪಾಲಿಕೆ ಕಚೇರಿಯಿಂದ ಪಂಪಾವತಿ ಎಂಬ ಅಧಿಕಾರಿಣಿ ಬಂದಳು. ರಸ್ತೆಯಂಚಿನಲ್ಲಿ ಅನುಮತಿಯಿಲ್ಲದೆ ಪೂಜಾಸ್ಥಳ ಎದ್ದಿದೆ ಎಂದು ದೂರು ಹೋಗಿತ್ತು. ಕನ್ನಡಕ ಸರಿಪಡಿಸಿಕೊಂಡು ಮರದ ಮೇಲಿನಿಂದ ಬುಡದವರೆಗೆ ನೋಡಿದಳು. ತೊಟ್ಟಿಲುಗಳ ನಡುವೆ ಮರವೇ ಕಾಣಿಸುತ್ತಿರಲಿಲ್ಲ.

“ಇದು ಯಾರ ಗುಡಿ?”

“ಗುಡಿ ಅಲ್ರಿ ಮೇಡಂ.”

“ದೇವರ ಹೆಸರು ಹೇಳ್ರಿ. ನೋಟಿಸ್‌ನಾಗ ಬರೀಬೇಕು.”

“ದೇವರು ಇಲ್ರಿ.”

ಸಾಲಿನಲ್ಲಿದ್ದ ಹೆಂಗಸರು ತಿರುಗಿ ನೋಡಿದರು. ಹುಲುಗಮ್ಮ ಮೆಣಸಿನಕಾಯಿ ಸರ ಕೆಳಗಿಟ್ಟಳು. “ಏನಂದಿ ತಿಪ್ಪೇಸಪ್ಪಾ?”

“ಅಂದ್ರ, ಹೆಸರು ಇಲ್ರಿ ಅಂದೆ” ಎಂದು ತಿಪ್ಪೇಸ್ವಾಮಿ ತಿದ್ದಿಕೊಂಡ.

ಪಂಪಾವತಿ ಪೆನ್ನಿನ ಮುಚ್ಚಳ ಹಾಕಿದಳು. “ಹೆಸರಿಲ್ಲದ ದೇವರಿಗೆ ನೋಟಿಸ್ ಕೊಡಾಕ ಬರಾಂಗಿಲ್ರಿ. ಹೆಸರು ಗೊತ್ತಾದ ಕೂಡ್ಲೆ ಆಫೀಸಿಗೆ ಬಂದು ತಿಳಸ್ರಿ, ತೆರವು ಮಾಡಸ್ತೀವಿ.” ಜೀಪು ಹೊರಟುಹೋಯಿತು. ಇದನ್ನು ಕಂಡ ಜನಕ್ಕೆ ಆದ ಅರ್ಥ ಒಂದೇ: ಸರ್ಕಾರ ಬಂತು, ಅಮ್ಮನನ್ನು ನೋಡಿತು, ಹೆದರಿ ಹೋಯಿತು.

ತಿಪ್ಪೇಸ್ವಾಮಿ ಒಳಗೆ ಬಂದು ಕುಸಿದು ಕೂತ. ಯಾರ ತೊಟ್ಟಿಲನ್ನೂ ಬಿಚ್ಚುವ ಹಾಗಿಲ್ಲ; ಬಿಚ್ಚಿದವನ ಕೈಯನ್ನು ಆ ಹೆಂಗಸರು ಬಿಡುವುದಿಲ್ಲ. ನಿಜ ಹೇಳುವ ಹಾಗಿಲ್ಲ. ನಾಳೆ ಅಕ್ಷಯ ತದಿಗೆ. ಅದೂ ಶುಕ್ರವಾರವೇ ಬಂದಿತ್ತು.

“ಜನ ಬರೂದ್ರಾಗ ಮುಂಜಾನಿ ಎದ್ದು ಕೊಯ್ದುಬಿಡೂಣಲ್ಲ” ಎಂದಳು ಸುಮಂಗಲಾ.

“ಬಳ್ಳಿಯಿಂದಾನ ಕೊಯ್ಬೇಕು ಅಂದಾರಲ್ಲ ಮಾವ” ಎಂದಳು ನಂದಿನಿ. ಮದುವೆಗೆ ಮೊದಲೇ ದೊಡ್ಡಬಸವರಾಜನನ್ನು ಅವಳು ಮಾವ ಎನ್ನುತ್ತಿದ್ದುದು ತಿಪ್ಪೇಸ್ವಾಮಿಯ ಕರುಳಿಗೆ ಚುಚ್ಚಿತು. “ಅಪ್ಪಾ, ಹೊರಗ ಹೋಗಿ ಮೊದ್ಲ ಎದುರುಗೊಳ್ಳು. ಹಿಂದಿನ ಬಾಗಿಲಿಂದ ಒಳಗ ಕರ್ಕೊಂಡು ಬಾ. ಮಧ್ಯಾಹ್ನ ಜನ ಕಮ್ಮಿ ಆದ ಮ್ಯಾಲೆ ಕೊಯ್ಯೂಣು. ಮತ್ತ ಅಪ್ಪಾ, ಬಾಯಿ ತೆಗೀಬ್ಯಾಡ.”

ಯೋಜನೆಯಲ್ಲಿ ದೋಷವಿರಲಿಲ್ಲ. ಆದರೆ ಬೀದಿಯ ತುದಿಯಲ್ಲಿ ಕಾರು ನಿಂತ ಕೂಡಲೇ ದೊಡ್ಡಬಸಮ್ಮ ಬಾಗಿಲು ತೆಗೆದು ಇಳಿದಳು. ಚಪ್ಪಲಿ ಕಾರಿನಲ್ಲೇ ಬಿಟ್ಟಿದ್ದಳು. ಅವಳ ಹಿರಿಯ ಸೊಸೆಗೆ ಮದುವೆಯಾಗಿ ವರ್ಷಗಳಾದರೂ ಮಕ್ಕಳಿರಲಿಲ್ಲ. ಬಳ್ಳಾರಿಯ ಹೆಸರಿಲ್ಲದ ಅಮ್ಮನ ಸುದ್ದಿ ಹುಲುಗಮ್ಮನ ತಂಗಿಯ ಮೂಲಕ ಸಿರುಗುಪ್ಪದ ಮನೆಮನೆಗೂ ಮುಟ್ಟಿತ್ತು. ಅಮ್ಮ ನೆಲೆಸಿದ್ದು ಬೀಗರಾಗುವವರ ಮನೆಯ ಮುಂದೆಯೇ ಎಂಬುದು ಮಾತ್ರ ಅವಳಿಗೆ ಈಗ, ಕಾರಿನ ಕಿಟಕಿಯಿಂದ ತೊಟ್ಟಿಲುಗಳನ್ನು ಕಂಡ ಮೇಲೆ, ಗೊತ್ತಾಯಿತು.

“ಇಂಥಾ ಜಾಗ ಐತಿ ಅಂತ ಒಂದು ಮಾತು ಅಂದಿಲ್ಲಲ್ರಿ ನೀವು” ಎಂದು ತಿಪ್ಪೇಸ್ವಾಮಿಗೆ ಹೇಳಿ, ನೇರವಾಗಿ ಮರದತ್ತ ನಡೆದಳು. “ಅತಿಥಿ ಬಂದಾರ, ದಾರಿ ಬಿಡ್ರಿ” ಎಂದು ಹುಲುಗಮ್ಮ ಸಾಲು ಸರಿಸಿದಳು.

“ಗಿಡ ಹಿತ್ತಲದಾಗ ಐತೇನ್ರಿ?” ಎಂದು ಇತ್ತ ದೊಡ್ಡಬಸವರಾಜ ವಿಚಾರಿಸಿದ.

ತಿಪ್ಪೇಸ್ವಾಮಿಯ ಕಣ್ಣು ಮರದ ಮೇಲಿತ್ತು. ದೊಡ್ಡಬಸಮ್ಮ ಅತಿ ಭಾರದ ಜೋಳಿಗೆಯ ಕೆಳಗೆ ನಿಂತು, ಸೆರಗನ್ನು ಎರಡೂ ಕೈಯಲ್ಲಿ ಒಡ್ಡಿ, ಕಣ್ಣು ಮುಚ್ಚಿದ್ದಳು. ಅದರಲ್ಲಿದ್ದ ಹಣ್ಣಿನ ಮೇಲೆ ಎರಡು ದಿನದಿಂದ ಅವನಿಗೆ ಅನುಮಾನವಿತ್ತು. ಹನಿಡ್ಯೂ ಹಣ್ಣಾದರೂ ತಾನಾಗಿ ತೊಟ್ಟು ಕಳಚುವುದಿಲ್ಲ, ಕತ್ತರಿಸಿಯೇ ತೆಗೆಯಬೇಕು ಎಂದು ನಂದಿನಿ ಓದಿದ್ದಳು. ಈ ಹಣ್ಣಿನ ತೊಟ್ಟಿನ ಸುತ್ತ ಬಿರುಕು ಬಿಟ್ಟಿತ್ತು.

ಬಿರುಕು ಪೂರ್ತಿಯಾಯಿತು. ಹಣ್ಣು ಸ್ಯಾಟಿನ್ ಮೇಲೆ ಜಾರಿ, ನಿರಿಗೆಯ ಅಂಚು ದಾಟಿ, ದೊಡ್ಡಬಸಮ್ಮನ ಸೆರಗಿನೊಳಗೆ ಧೊಪ್ಪೆಂದು ಬಿತ್ತು.

ಅವಳು ಕಣ್ಣು ತೆರೆದು ನೋಡಿದಳು. ಮುಚ್ಚಿದಳು. ಮತ್ತೆ ತೆರೆದಳು. ಅದು ಅಲ್ಲೇ ಇತ್ತು.

“ಅಮ್ಮ ಉಡಿ ತುಂಬ್ಯಾಳ” ಎಂದಳು ಹುಲುಗಮ್ಮ.

ಮುಂದಿನದು ಯಾರ ಅಂಕೆಯಲ್ಲೂ ಇರಲಿಲ್ಲ. ಹೆಂಗಸರು ಮುತ್ತಿದರು. ಒಬ್ಬಳು ಕುಂಕುಮ ಹಚ್ಚಿದಳು, ಒಬ್ಬಳು ಹಸಿರು ಬಳೆ ತೊಡಿಸಿದಳು, ಮೂರನೆಯವಳು ಅವಳನ್ನು ಮನೆಯ ಮುಂದಿನ ಕಟ್ಟೆಯ ಮೇಲೆ ಕೂರಿಸಿ, “ಇನ್ನ ಮ್ಯಾಲೆ ಭಾರ ಎತ್ತಬ್ಯಾಡ್ರಿ” ಎಂದಳು.

“ಯವ್ವಾ, ನಾನು ಬೇಡ್ಕೊಂಡಿದ್ದು ಸೊಸಿಗೆ” ಎಂದಳು ದೊಡ್ಡಬಸಮ್ಮ ಬಿಳುಪೇರಿದ ಮುಖದಲ್ಲಿ. “ನನಗ ಅರವತ್ತು ಹತ್ರ ಬಂತು.”

“ಕೊಡಾಕಿ ಕೊಟ್ಟಾಳ, ವಯಸ್ಸು ಕೇಳೂದಕ್ಕ ನಾವ್ಯಾರು?” ಎಂದಳು ಹುಲುಗಮ್ಮ. “ಇವ್ರ ಯಜಮಾನ್ರು ಎಲ್ಲದಾರ?”

ನೂರು ಕಣ್ಣುಗಳು ಒಟ್ಟಿಗೆ ದೊಡ್ಡಬಸವರಾಜನತ್ತ ತಿರುಗಿದವು. ಸಿರುಗುಪ್ಪದ ಅಕ್ಕಿ ಗಿರಣಿಯ ಮಾಲೀಕ, ಸುಳ್ಳಿನ ಶತ್ರು, ಜೀವನದಲ್ಲಿ ಮೊದಲ ಸಲ ಕಾಂಪೌಂಡ್ ಗೋಡೆ ಹಿಡಿದುಕೊಂಡು ನಿಂತ. ಸಮ್ರಾಟ್ ಕಾರಿನಿಂದ ಇಳಿದವನು ಮತ್ತೆ ಒಳಗೆ ಹೋಗಿ ಕೂತ.

ಹೇಗೋ ಅವರನ್ನು ಮನೆಯೊಳಗೆ ಸೇರಿಸಿ ಬಾಗಿಲು ಹಾಕಿಕೊಂಡಾಯಿತು. ದೊಡ್ಡಬಸಮ್ಮ ಹಣ್ಣನ್ನು ಮೇಜಿನ ಮೇಲಿಟ್ಟು ಅದರಿಂದ ದೂರದ ಕುರ್ಚಿಯಲ್ಲಿ ಕೂತಳು.

“ಏನಿದು?” ಎಂದ ದೊಡ್ಡಬಸವರಾಜ.

“ಹಣ್ರೀ” ಎಂದ ತಿಪ್ಪೇಸ್ವಾಮಿ.

ಸಿಪ್ಪೆ ಹಳದಿ ತಿರುಗಿತ್ತು, ಅಲ್ಲಲ್ಲಿ ಬಲೆಯಂಥ ಗೀರು. ದೊಡ್ಡಬಸವರಾಜ ಚಾಕು ತರಿಸಿ ಹೆಚ್ಚಿದ. ಒಳಗೆ ತಿಳಿ ಹಸಿರಿರಬೇಕಾದಲ್ಲಿ ಕಿತ್ತಳೆ ಬಣ್ಣ. ಕೋಣೆಯೆಲ್ಲ ಊರಿನ ಕರಬೂಜದ ಘಮ ತುಂಬಿತು.

“ಇದು ಹನಿಡ್ಯೂ ಅಲ್ಲ.”

ತಿಪ್ಪೇಸ್ವಾಮಿ ಮಗಳ ಮುಖ ನೋಡಿದ. ಅವಳು ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಇನ್ನೊಂದು ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ಅದು ಅಲ್ಲೇ ಒಣಗಿತು.

“ನಮ್ಮನ್ಯಾಗ ಇದನ್ನ ಎಂದೂ ಬೆಳದಿಲ್ರಿ. ಅವತ್ತು ಬಾಯಿ ತಪ್ಪಿ ಅಂದೆ. ನೀವು ತಂದ ಹಣ್ಣಿನ ಬೀಜಾನ ಹಾಕಿದ್ದು. ಹೈಬ್ರಿಡ್ ಹಣ್ಣಿನ ಬೀಜ ತಾಯಿಯಂಗ ಬರಾಂಗಿಲ್ಲಂತ, ಈಗ ಗೊತ್ತಾತು. ಹೊರಗಿರೂದು ತೊಟ್ಟಿಲಲ್ಲ, ಕಾಯಿಗೆ ಕಟ್ಟಿದ ಬಟ್ಟಿ. ಅಮ್ಮನೂ ಇಲ್ಲ. ಎಲ್ಲಾ ನನ್ನ ಬಾಯಿ. ನನ್ನ ಮಗಳು ಒಂದೂ ಸುಳ್ಳು ಆಡಿಲ್ರಿ, ಆಕಿ ಮ್ಯಾಲೆ ಸಿಟ್ಟಾಗಬ್ಯಾಡ್ರಿ.”

ದೊಡ್ಡಬಸವರಾಜ ಚಾಕು ಕೆಳಗಿಟ್ಟು ಎದ್ದು ನಿಂತ. ಹೆಗಲ ಮೇಲಿನ ಟವೆಲು ಕೊಡವಿದ. ಆ ಕೊಡವುವಿಕೆಯ ಅರ್ಥ ಎಲ್ಲರಿಗೂ ತಿಳಿಯಿತು. “ಬರ್ರಿ ಹೋಗೂಣು” ಎಂದು ಹೆಂಡತಿಯತ್ತ ತಿರುಗಿದ.

ಆಗ ಅವನ ಫೋನು ಹೊಡೆದುಕೊಂಡಿತು.

“ಅಣ್ಣಾ” ಎಂದಿತು ಸಿರುಗುಪ್ಪದಿಂದ ತಮ್ಮನ ದನಿ, ಇಡೀ ಕೋಣೆಗೆ ಕೇಳುವಷ್ಟು ಜೋರಾಗಿ. “ಅತ್ತಿಗಿಗೆ ಅಮ್ಮ ಉಡಿ ತುಂಬ್ಯಾಳಂತ, ಹೌದಾ? ಇಲ್ಲಿ ಗಿರಣಿ ಮುಂದ ಜನ ಕೂಡ್ಯಾರ. ಏನು ಹೇಳ್ಲಿ?”

ದೊಡ್ಡಬಸವರಾಜ ಕರೆ ಕತ್ತರಿಸಿದ. ಮತ್ತೆ ಹೊಡೆದುಕೊಂಡಿತು, ಗಿರಣಿಯ ಮೇಸ್ತ್ರಿ. “ಸಾವ್ಕಾರ್ರ, ಹಮಾಲರು ಪೇಢೆ ಕೇಳಾಕ ಹತ್ಯಾರ್ರಿ.” ಮತ್ತೆ ಹೊಡೆದುಕೊಂಡಿತು, ಅವನ ಹಿರಿಯ ಸೊಸೆ. ಅವಳು ನಗು ತಡೆಯಲಾಗದೆ ಫೋನು ಇಟ್ಟುಬಿಟ್ಟಳು. ಹುಲುಗಮ್ಮನ ತಂಗಿ ತನ್ನ ಕರ್ತವ್ಯ ಮಾಡಿ ಮುಗಿಸಿದ್ದಳು.

ದೊಡ್ಡಬಸಮ್ಮ ಅಷ್ಟು ಹೊತ್ತು ಹಸಿರು ಬಳೆಗಳನ್ನೇ ನೋಡುತ್ತ ಕೂತಿದ್ದವಳು ತಲೆಯೆತ್ತಿದಳು.

“ಎಲ್ಲಿಗ್ರಿ ಹೋಗೂದು?”

“ಊರಿಗೆ.”

“ಈ ಸುದ್ದಿ ತಗೊಂಡು ನಾನು ಊರಾಗ ಕಾಲಿಡಾಂಗಿಲ್ಲ. ನಾಳಿಗೆ ಎಲ್ಲಾರೂ ನನ್ನ ನಡಿಗಿ ನೋಡ್ತಾರ. ಸಂತಿಗೆ ಹೋದ್ರ ಹುಣಸಿಕಾಯಿ ಬೇಕೇನ್ರಿ ಅಂತಾರ. ಸೊಸಿ ಮುಂದ ನಾನು ಹೆಂಗ ನಿಂತಿರ್ಲಿ? ಹೊರಗ ಹೋಗ್ರಿ, ಏನಾರ ಹೇಳ್ರಿ, ಮರ್ಯಾದಿ ಉಳಿಯೂವಂಥಾದ್ದು ಹೇಳ್ರಿ. ಅಷ್ಟು ಮಂದಿ ಮುಂದ ಹೆಂಗಸಿಗೆ ಹಣ್ಣಿನಿಂದ ಉಡಿ ತುಂಬೂದು ಮತ್ಯಾವ ಕೆಲಸಕ್ಕ ನಮ್ಮಲ್ಲಿ? ಒಂದು ಮಕ್ಕಳಿಗೆ. ಇನ್ನೊಂದು?”

ದೊಡ್ಡಬಸವರಾಜ ನಿಂತಲ್ಲೇ ಯೋಚಿಸಿದ. ನಿಶ್ಚಿತಾರ್ಥದಲ್ಲಿ ಬೀಗರು ಗಂಡಿನ ತಾಯಿಗೂ ಉಡಿ ತುಂಬುವುದುಂಟು. ಬಾಗಿಲಾಚೆ ಜನರ ಗದ್ದಲ ಏರುತ್ತಿತ್ತು. ಅವನು ತಿಪ್ಪೇಸ್ವಾಮಿಯ ರಟ್ಟೆ ಹಿಡಿದು ಬಾಗಿಲು ತೆಗೆದು ಹೊರಗೆ ಬಂದ. ಗಂಟಲು ಸರಿಪಡಿಸಿಕೊಂಡ.

“ಕೇಳ್ರೆವ್ವ. ಇವರು ನಮ್ಮ ಬೀಗರು. ಇವರ ಮಗಳು ನಂದಿನಿನ್ನ ನಮ್ಮ ಮಗ ಸಮ್ರಾಟಗ ತಗೊಂಡೀವಿ. ಇವತ್ತು ನಿಶ್ಚಯ. ಈಗ ಆದದ್ದು ನಿಶ್ಚಯದ ಉಡಿ ತುಂಬೂ ಶಾಸ್ತ್ರ. ಬ್ಯಾರೆ ಏನೂ ಅಲ್ಲ.”

ಹೆಂಗಸರು ಬೆರಗಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಗಿಡದ ಮ್ಯಾಲಿಂದಾನ?” ಎಂದಳು ಹುಲುಗಮ್ಮ.

“ಹೌದವಾ. ನಮ್ಮ ಮನೆತನದ ಪದ್ಧತಿ” ಎಂದ ದೊಡ್ಡಬಸವರಾಜ. ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ವರ್ಷಗಟ್ಟಲೆ ನಿಜವನ್ನೇ ಆಡಿ ಬಂದ ಮನುಷ್ಯನಿಗೆ ಎಲ್ಲಿ ನಿಲ್ಲಬೇಕೆಂಬ ಅಂದಾಜಿರಲಿಲ್ಲ. “ನಮ್ಮ ಮುತ್ತಜ್ಜನ ಕಾಲದಿಂದಾನೂ ಐತಿ. ಬೇವಿನ ಗಿಡಾನ ಆಗಬೇಕು. ಹಸರು ಬಟ್ಟಿನ ಆಗಬೇಕು. ಕೈಯಿಂದ ಹಾಕಿದ್ರ ನಡಿಯಾಂಗಿಲ್ಲ, ಹಣ್ಣು ತಾನ ಬೀಳಬೇಕು. ಬಿದ್ರ ಸಂಬಂಧ ಗಟ್ಟಿ.”

ಕಿಟಕಿಯ ಹಿಂದಿನಿಂದ ನಂದಿನಿ ಬಿಕ್ಕಿದ ಸದ್ದು ಬಂತು. ಅಳುವೋ ನಗುವೋ ಸ್ಪಷ್ಟವಾಗಲಿಲ್ಲ. ಕಾರಿನ ಬಾಗಿಲು ತೆರೆದು ಸಮ್ರಾಟ್ ಮತ್ತೆ ಇಳಿದ.

ಹುಲುಗಮ್ಮ ಈ ಮಾತನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿ ತೂಗಿದಳು. ಕೊಂಬೆಯಲ್ಲಿ ಇನ್ನೂ ಮೂರು ಹಸಿರು ಜೋಳಿಗೆಗಳು ತುಂಬಿ ತೂಗುತ್ತಿದ್ದವು. ಅವಳು ಸಾಲಿನತ್ತ ತಿರುಗಿ, “ಕೇಳಿದ್ರಿಲ್ಲೋ? ಇದು ಮಕ್ಕಳ ಅಮ್ಮ ಅಲ್ಲಂತ. ಮದುವಿ ಅಮ್ಮ” ಎಂದಳು.

ಸಾಲು ಕದಲಿತು. ಮಕ್ಕಳಿಲ್ಲದವರು ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದರು. ಹಿಂದಿನಿಂದ, ಅಷ್ಟು ದಿನ ಬರೀ ನೋಡಲು ಬಂದು ನಿಲ್ಲುತ್ತಿದ್ದ ತಾಯಂದಿರು ನುಗ್ಗಿ ಬಂದು ಮರದ ಕೆಳಗೆ ಸೆರಗೊಡ್ಡಿದರು. ಅವರ ಸಂಖ್ಯೆ ಮೊದಲಿನವರಿಗಿಂತ ಬಹಳ ಹೆಚ್ಚಿತ್ತು.

“ನನ್ನ ಮಗಗ ಮೂವತ್ತೈದು ದಾಟೈತ್ರಿ ಸಾವ್ಕಾರ್ರ, ಎಲ್ಲೂ ಹೆಣ್ಣು ಸಿಗವಲ್ದು” ಎಂದಳು ಮುಂದಿದ್ದವಳು. “ಹೊಲ ಐತಿ, ಮನಿ ಐತಿ. ಅಮ್ಮನ ಹೆಸರೇನ್ರಿ?”

ದೊಡ್ಡಬಸವರಾಜನಿಗೆ ತನ್ನ ಪದ್ಧತಿ ಎಲ್ಲಿಗೆ ಬಂತೆಂದು ಆಗ ಅರಿವಾಯಿತು. ಪಕ್ಕದಲ್ಲಿ ತಿಪ್ಪೇಸ್ವಾಮಿ ಉಸಿರು ಎಳೆದುಕೊಂಡು ಬಾಯಿ ತೆರೆದ. ದೊಡ್ಡಬಸವರಾಜ ತನ್ನ ಟವೆಲನ್ನು ಗಬಕ್ಕನೆ ಅವನ ಬಾಯಿಗೆ ಅಡ್ಡ ಹಿಡಿದ.

“ಬೀಗರ” ಎಂದ ಕಿವಿಯಲ್ಲಿ, “ನಿಮ್ಮ ಕಾಲಿಗೆ ಬೀಳ್ತೀನಿ. ಮದುವಿ ಆಗೂತನ ಸುಮ್ನಿರ್ರಿ.”